ಮೆಕೆಂಜಿ ಅರಸಿದ ನಿಕ್ಷೇಪ

ನಮ್ಮ ನಾಡಿನ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗವೆಂಬ ಮಾತು ಪರಿಚಿತವಾದುದು. ಅರಸನು ಒಂದು ಗ್ರಾಮವನ್ನು ಬ್ರಾಹ್ಮಣನಿಗೋ ಬಸದಿಗೋ ಮಠಕ್ಕೋ ಧಾರೆಯೆರೆದು ಕೊಡುವಾಗ ನೆಲದ ಮೇಲಿನ ಬೆಳೆಯನ್ನು ಮಾತ್ರ ಕೊಟ್ಟರೆ ಸಾಲದು. ನೆಲದ ಒಳಗಿರುವುದನ್ನೂ ಕೊಡಬೇಕು. ಆದುದರಿಂದ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಹಕ್ಕುಗಳನ್ನು ಶಾಸನಕಾರ ಎಣಿಸಿಕೊಂಡು ಹೋಗುತ್ತಾನೆ. ಮೊದಲ ಎರಡೂ ಹೂತಿಟ್ಟ ಧನಕ್ಕೆ ಸಂಬಂಧಪಟ್ಟವು. ಇವೆರಡಕ್ಕೂ ನಡುವಣ ಭೇದವೇನೆಂಬ ಬಗೆಗೆ ವಿದ್ವಾಂಸರಲ್ಲಿ ಏಕಾಭಿಪ್ರಾಯವಿಲ್ಲ. ಆ ಗೋಜು ಇಲ್ಲಿ ಬೇಡ. ನೆಲದಲ್ಲಿ ಹೊನ್ನು ಹುದುಗಿರಬಹುದೆಂಬ ನಂಬಿಕೆ ನಮ್ಮಲ್ಲಿ ಎಷ್ಟು ಹಳೆಯದು, ಎಷ್ಟು ಗಟ್ಟಿಯಾದುದು ಎಂಬುದಕ್ಕೆ ಆ ಎರಡು ಪದಗಳೇ ಸಾಕ್ಷಿ.

ಈ ನಂಬಿಕೆಯ ಫಲವನ್ನು ಶಾಸನಗಳೇ ಉಂಡಿವೆ. ಓದಲು ಬಾರದ ಅಕ್ಷರ ಕಲ್ಲಿನ ಮೇಲಿದ್ದರೆ ಅದು ನಿಧಿಯ ಗುರುತೇ ಸರಿ ಎಂದು ತಿಳಿದು ಕಲ್ಲನ್ನು ಮಗುಚಿದವರು, ಒಡೆದವರು, ಲಿಂಗದ ಪಾಣಿಪೀಠವನ್ನೇ ಕಿತ್ತವರು ನಮ್ಮ ಹಳ್ಳಿಗಳಲ್ಲಿ ಎಲ್ಲ ಕಾಲದಲ್ಲಿಯೂ ಇದ್ದಾರೆ. ವಿದ್ಯಾರ್ಥಿಗಳನ್ನು ಕರೆದುಕೊಂಡು ಯಾವುದಾದರೂ ಊರಿಗೆ ಶಾಸನ ತೋರಿಸಲು ಹೋದಾಗ, ಎಷ್ಟು ಕೊಪ್ಪರಿಗೆ ಇದೆಯಂತೆ ಸ್ವಾಮಿ, ಯಾವ ದಿಕ್ಕಿಗಂತೆ ಎಂದು ನನ್ನನ್ನೇ ಕೇಳಿದ ಹಿರಿಯರು ಒಬ್ಬಿಬ್ಬರಲ್ಲ. ಇಲ್ಲವೆಂದರೆ ಅವರು ನಂಬುವುದಿಲ್ಲ; ಮುಚ್ಚಿಡುತ್ತಿದ್ದಾನೆ ಎಂದುಕೊಂಡು ನಗುತ್ತಾರೆ. ಇಂಥ ನಾಡಿನಲ್ಲಿ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಪರದೇಶದ ಮೋಜಣಿದಾರ ಸರಪಳಿ, ದುರ್ಬೀನುಗಳನ್ನು ಹಿಡಿದು ಊರೂರು ಅಲೆಯುತ್ತ, ನಿಮ್ಮಲ್ಲಿ ಅಕ್ಷರವಿರುವ ಕಲ್ಲು ಎಲ್ಲಿದೆ, ತಾಮ್ರಪಟ ಯಾರ ಮನೆಯಲ್ಲಿದೆ, ಹಳೆಯ ಓಲೆಯ ಕಟ್ಟು ಯಾರ ಅಟ್ಟದ ಮೇಲಿದೆ ಎಂದು ಕೇಳುತ್ತ ಬಂದಾಗ ಜನ ಏನೆಂದುಕೊಂಡಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವನು ನಿಧಿಯನ್ನೇ ಹುಡುಕುತ್ತಿದ್ದ ಎಂಬ ಮಾತು ಒಂದು ಅರ್ಥದಲ್ಲಿ ಸುಳ್ಳೂ ಅಲ್ಲ. ಕರ್ನಲ್ ಕಾಲಿನ್ ಮೆಕೆಂಜಿಯ ಬಾಳೆಲ್ಲ ಅದೊಂದೇ ಹುಡುಕಾಟದಲ್ಲಿ ಸವೆಯಿತು.

ಸ್ಕಾಟ್ಲೆಂಡಿನ ವಾಯವ್ಯಕ್ಕೆ, ಕಡಲಿನ ನಡುವೆ, ಲೂಯಿಸ್ ಎಂಬ ದ್ವೀಪವಿದೆ. ಮರ ಕಡಮೆ, ಗಾಳಿ ಹೆಚ್ಚು. ಅಲ್ಲಿಯ ಸ್ಟೋರ್ನೊವೆ ಎಂಬ ಬಂದರಿನ ಊರಿನಲ್ಲಿ ೧೭೫೪ರ ಸುಮಾರಿಗೆ ಮೆಕೆಂಜಿ ಹುಟ್ಟಿದ. ತಂದೆ ವ್ಯಾಪಾರಿ, ಊರಿನ ಅಂಚೆಯ ಅಧಿಕಾರಿ. ಮಗ ಚಿಕ್ಕ ವಯಸ್ಸಿನಲ್ಲೇ ಸುಂಕದ ಕಟ್ಟೆಯಲ್ಲಿ ಉದ್ಯೋಗಕ್ಕೆ ಸೇರಿದ. ಮೂವತ್ತರ ಹತ್ತಿರ ಬರುವವರೆಗೆ ಆತ ಆ ದ್ವೀಪದ ಸುಂಕದವನಾಗಿಯೇ ಇದ್ದ. ಬೇರೆಯವರ ಬಾಳಿನಲ್ಲಿ ಕಥೆ ಮುಗಿಯುವ ವಯಸ್ಸಿಗೆ ಅವನ ಕಥೆ ಆರಂಭವಾಯಿತು.

ಅದಕ್ಕೆ ಕಾರಣವಾದುದು ಗಣಿತ. ೧೬೧೪ರಲ್ಲಿ ಲಾಗರಿತಮ್ ಎಂಬ ಲೆಕ್ಕದ ಕ್ರಮವನ್ನು ಲೋಕಕ್ಕೆ ಕೊಟ್ಟ ಜಾನ್ ನೇಪಿಯರನ ವಂಶದಲ್ಲಿ ಹುಟ್ಟಿದ ಲಾರ್ಡ್ ನೇಪಿಯರ್ ತನ್ನ ಪೂರ್ವಜನ ಚರಿತ್ರೆಯನ್ನು ಬರೆಯಲು ಹೊರಟಿದ್ದ. ಹಿಂದೂಗಳಿಗೆ ಈ ಗಣಿತದ ತಿಳಿವು ಎಷ್ಟಿತ್ತು ಎಂಬುದನ್ನು ಅರಿಯಬೇಕೆಂಬುದು ಅವನ ಆಸೆ. ತರುಣ ಮೆಕೆಂಜಿ ಅವನಿಗೆ ನೆರವಾಗಿದ್ದ. ೧೭೭೩ರಲ್ಲಿ ಆ ಪ್ರಭು ತೀರಿಕೊಂಡ. ಆದರೆ ಮೆಕೆಂಜಿಯ ತಲೆಯಲ್ಲಿ ಹಿಂದೂದೇಶದ ವಿದ್ಯೆಯ ಹುಳು ಹೊಕ್ಕಾಗಿತ್ತು. ಹತ್ತು ವರ್ಷಗಳ ಅನಂತರ, ೧೭೮೩ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಕೆಳದರ್ಜೆಯ ಅಭ್ಯರ್ಥಿಯಾಗಿ ಆತ ಮದರಾಸಿನ ದಂಡೆಯಲ್ಲಿ ಇಳಿದ. ಲಾರ್ಡ್ ನೇಪಿಯರನ ಮಗಳು ಹೆಸ್ಟರ್ ಆಗ ಜಾನ್‌ಸ್ಟನ್ ಎಂಬ ಕಂಪನಿ ಅಧಿಕಾರಿಯ ಪತ್ನಿಯಾಗಿ ಮಧುರೆಯಲ್ಲಿದ್ದಳು. ತಂದೆಯ ಕಾರ್ಯವನ್ನು ಮುಂದುವರಿಸಲು ಅವಳು ಅಲ್ಲಿಯ ಪಂಡಿತರನ್ನು ಮೆಕೆಂಜಿಗೆ ಪರಿಚಯ ಮಾಡಿಸಿದಳು. ಹಿಂದೂಗಳ ಲಾಗರಿತಮ್ ದೊರೆಯಲಿಲ್ಲ. ದೊರೆತದ್ದು, ಈ ದೇಶದ ಹಳಮೆ ಚದರಿಹೋಗಿದೆ, ಅದನ್ನು ಒಂದೆಡೆ ಕೂಡಿಸದಿದ್ದರೆ ಉಳಿಯುವುದಿಲ್ಲ ಎಂಬ ಅರಿವು.

ಆ ಅರಿವು ಕೃತಿಗಿಳಿಯಲು ಹದಿಮೂರು ವರ್ಷ ಹಿಡಿಯಿತು. ೧೭೮೩ರಿಂದ ೧೭೯೬ರವರೆಗಿನ ಕಾಲವನ್ನು ಮೆಕೆಂಜಿ ಮುಂದೆ ತನ್ನ ಒಂದು ದೀರ್ಘಪತ್ರದಲ್ಲಿ ನೆನೆಯುವಾಗ ವ್ಯಥೆಯಿಂದಲೇ ನೆನೆದಿದ್ದಾನೆ. ಕೈಯಲ್ಲಿ ಹಣವಿಲ್ಲ, ಬಿಡುವಿಲ್ಲ. ಇಂದು ಕೊಯಮತ್ತೂರು, ನಾಳೆ ನೆಲ್ಲೂರು, ಮತ್ತೆ ಟಿಪ್ಪುವಿನ ಮೇಲಣ ಯುದ್ಧ. ೧೭೮೬ರಲ್ಲಿ ಕಾಲಾಳಿನಿಂದ ಎಂಜಿನಿಯರುಗಳ ಪಡೆಗೆ ವರ್ಗವಾದುದೊಂದೇ ಭಾಗ್ಯ. ಕೋಟೆಗಳ ನಕ್ಷೆ ಬರೆಯುವುದು, ದಾರಿ ಅಳೆಯುವುದು ಅವನ ಕೆಲಸವಾಯಿತು. ೧೭೯೨ರ ಅನಂತರ ನಿಜಾಮನ ಸೀಮೆಯ ಮೋಜಣಿ. ಭಾಷೆಯಂತೂ ಒಂದೂ ಬಾರದು. ಇದನ್ನು ಒತ್ತಿ ಹೇಳಬೇಕು. ದಕ್ಷಿಣದೇಶದ ಹಸ್ತಪ್ರತಿಗಳ ಅತಿ ದೊಡ್ಡ ಸಂಗ್ರಹವನ್ನು ಮಾಡಿದ ಈತನಿಗೆ ಅವುಗಳನ್ನು ಓದುವ ಶಕ್ತಿ ಕೊನೆಯವರೆಗೂ ಬರಲಿಲ್ಲ. ಹಾಗೆಂದು ಅವನೇ ಒಪ್ಪಿಕೊಂಡಿದ್ದಾನೆ. ನಿಧಿಯ ಪೆಟ್ಟಿಗೆ ಕಣ್ಣೆದುರಿಗೇ ಇದೆ, ಬೀಗದ ಕೈ ಮಾತ್ರ ಇಲ್ಲ.

ಬೀಗದ ಕೈಯಾಗಿ ಬಂದವನು ಕಾವಲಿ ವೆಂಕಟ ಬೋರಯ್ಯ. ಏಲೂರಿನ ಕಡೆಯ ತೆಲುಗು ಬ್ರಾಹ್ಮಣ. ೧೭೯೬ರಲ್ಲಿ ಮೆಕೆಂಜಿಯ ಬಳಿ ದುಭಾಷಿಯಾಗಿ ಸೇರಿದಾಗ ಅವನಿಗೆ ಇಪ್ಪತ್ತು ತುಂಬಿತ್ತೋ ಇಲ್ಲವೋ. ಸಂಸ್ಕೃತ ಬಲ್ಲವನು, ಇಂಗ್ಲಿಷು ಕಲಿತವನು. ಅದಕ್ಕಿಂತ ಮಿಗಿಲಾಗಿ, ಅಪರಿಚಿತರ ಮನೆಯ ಬಾಗಿಲು ತೆರೆಸುವ ನಯ ಅವನಿಗೆ ಹುಟ್ಟಿನಿಂದ ಬಂದಿತ್ತು. ಆ ನಯದ ಫಲ ಬೇಗ ಕಂಡಿತು. ೧೭೯೭ರಲ್ಲಿ ಜೈನ ಪುರೋಹಿತನೊಬ್ಬನನ್ನು ಕಂಡು, ಅವನ ಮತದ ವಿಚಾರಗಳನ್ನು ಕೇಳಿ ಬೋರಯ್ಯ ಇಂಗ್ಲಿಷಿಗೆ ತಂದ ವೃತ್ತಾಂತ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ ಮೆಕೆಂಜಿಯ ಹೆಸರಿನಲ್ಲಿ ಪ್ರಕಟವಾಯಿತು. ಜೈನಧರ್ಮವೆಂಬುದು ಬೌದ್ಧಕ್ಕಿಂತ ಬೇರೆಯಾದ ಒಂದು ಜೀವಂತ ಮತ ಎಂಬ ಮಾತನ್ನು ಪಾಶ್ಚಾತ್ಯರು ಕಿವಿಗೊಟ್ಟು ಕೇಳಿದ ಮೊದಮೊದಲ ಬರಹಗಳಲ್ಲಿ ಅದೂ ಒಂದು. ಪಂಪ ರನ್ನರ ಮತವೇನೆಂಬುದು ಯೂರೋಪಿನ ಪಂಡಿತರಿಗೆ ತಿಳಿಯಲು ಒಬ್ಬ ತೆಲುಗು ವೈದಿಕ ಬ್ರಾಹ್ಮಣ ಕಾರಣನಾದ!

ಹಳಗನ್ನಡದ ಲಿಪಿಯನ್ನು ಬಿಡಿಸಿ ಓದುವ ಸಾಹಸವನ್ನೂ ಬೋರಯ್ಯ ಮಾಡಿದ. ಅವನ ತಮ್ಮ ರಾಮಸ್ವಾಮಿ ೧೮೨೯ರಲ್ಲಿ ದಕ್ಷಿಣದ ಕವಿಗಳ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದಾಗ ಅಣ್ಣನಿಗೆ ಈ ಕೀರ್ತಿಯನ್ನು ಸಲ್ಲಿಸಿದ್ದಾನೆ. ತಮ್ಮನ ಅಭಿಮಾನವನ್ನು ಸ್ವಲ್ಪ ಕಳೆದು ನೋಡಿದರೂ ಉಳಿಯುವುದು ಕಡಮೆಯಲ್ಲ. ನೂರಾರು ವರ್ಷಗಳಿಂದ ಯಾರೂ ಓದದೆ ಬಿಟ್ಟಿದ್ದ ಕಲ್ಲಿನ ಮುಂದೆ ಕುಳಿತು, ಒಂದೊಂದೇ ಅಕ್ಷರವನ್ನು ಗುರುತಿಸುತ್ತ, ಅರ್ಥವಾಗದುದನ್ನು ಊರಿನ ಮುದುಕರ ಬಾಯಿಂದ ತಿಳಿಯುತ್ತ ಸಾಗುವ ಕೆಲಸದ ಆಯಾಸವನ್ನು ಮಾಡಿದವರೇ ಬಲ್ಲರು. ೧೮೦೩ರಲ್ಲಿ, ಇನ್ನೂ ಮೂವತ್ತು ತುಂಬುವ ಮೊದಲೇ, ಬೋರಯ್ಯ ಸತ್ತ. ತಾನು ಈ ದೇಶದ ವಿದ್ಯೆಯ ಹೊಸ್ತಿಲನ್ನು ಮೆಟ್ಟಿದ್ದು ಅವನ ಕೈ ಹಿಡಿದು ಎಂಬುದನ್ನು ಮೆಕೆಂಜಿ ಕೊನೆಯವರೆಗೂ ಮರೆಯಲಿಲ್ಲ. ಬೋರಯ್ಯನ ಸ್ಥಾನಕ್ಕೆ ಮತ್ತೊಬ್ಬ ತಮ್ಮ ಲಕ್ಷ್ಮಯ್ಯ ಬಂದ.

ಈ ನಡುವೆ ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿತ್ತು. ಆ ಮುತ್ತಿಗೆಯಲ್ಲಿ ಮೆಕೆಂಜಿ ನಿಜಾಮನ ಪಡೆಯ ಎಂಜಿನಿಯರಾಗಿದ್ದ. ಕೋಟೆಯನ್ನು ಹೊಕ್ಕ ಸೈನಿಕರು ಟಿಪ್ಪುವಿನ ಅರಮನೆಯಲ್ಲಿ ಯಾವ ನಿಧಿಯನ್ನು ಹುಡುಕಿದರು, ಹೇಗೆ ಸೂರೆಗೊಂಡರು ಎಂಬುದು ಎಲ್ಲರಿಗೂ ತಿಳಿದ ಕಥೆ. ಮೆಕೆಂಜಿಗೆ ದೊರೆತದ್ದು ಬೇರೆ: ಗೆದ್ದ ರಾಜ್ಯವನ್ನು ಅಳೆಯುವ ಕೆಲಸ. ಮೈಸೂರು ಸೀಮೆಯ ಗಡಿ ಯಾವುದು, ಒಳಗೆ ಎಷ್ಟು ಊರು, ಎಷ್ಟು ಕೆರೆ, ಎಷ್ಟು ಕೋಟೆ, ಯಾವ ಜಾತಿಯ ಎಷ್ಟು ಮನೆ, ಯಾವ ಮಣ್ಣು, ಯಾವ ಬೆಳೆ - ಇದೆಲ್ಲವನ್ನೂ ನಕ್ಷೆಗೂ ಕಾಗದಕ್ಕೂ ಇಳಿಸಬೇಕು. ೧೭೯೯ರ ಕೊನೆಯಿಂದ ೧೮೧೦ರ ಸುಮಾರಿನವರೆಗೆ ಇದು ನಡೆಯಿತು. ೪೦,೦೦೦ ಚದರ ಮೈಲಿಗೂ ಮೀರಿದ ನೆಲ. ಸಹಾಯಕ್ಕೆ ಜಾನ್ ಮೇದರ್, ಬೆಂಜಮಿನ್ ವಾರ್ಡ್ ಮೊದಲಾದ ಕೆಲವೇ ಮಂದಿ. ಸಸ್ಯಗಳನ್ನು ನೋಡಿಕೊಳ್ಳಲು ವೈದ್ಯ ಬೆಂಜಮಿನ್ ಹೈನ್. ಸರ್ ವಾಲ್ಟರ್ ಸ್ಕಾಟನ ಗೆಳೆಯನಾದ ಕವಿ ಜಾನ್ ಲೇಡನ್ ಸಹ ಕೆಲಕಾಲ ಈ ಮೋಜಣಿಯ ವೈದ್ಯನಾಗಿದ್ದನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಸ್ವಾರಸ್ಯವಾಗಿ ಕಾಣಬಹುದು. ಮಲೆನಾಡಿನ ಅಂಚಿನ ಜ್ವರ ಎಲ್ಲರನ್ನೂ ಕಾಡಿತು. ಖರ್ಚು ಹೆಚ್ಚಾಯಿತೆಂದು ಕಂಪನಿಯವರು ಭತ್ಯೆಯನ್ನು ಕಡಿದರು. ಕೊನೆಗೆ ಏಳು ದೊಡ್ಡ ಸಂಪುಟಗಳಲ್ಲಿ ವಿವರಣೆಗಳೂ ಇಡೀ ಸೀಮೆಯ ನಕ್ಷೆಯೂ ಭಾಗಗಳ ನಕ್ಷೆಗಳೂ ಸಿದ್ಧವಾದವು.

ಇದಿಷ್ಟು ಸಂಬಳದ ಕೆಲಸ. ಮೆಕೆಂಜಿಯನ್ನು ನಾವು ನೆನೆಯುವುದು ಸಂಬಳದ ಹೊರಗಿನ ಕೆಲಸಕ್ಕಾಗಿ. ಒಂದು ಊರಿನಲ್ಲಿ ಗುಡಾರ ಹೊಡೆದು ಗುಡ್ಡದ ಮೇಲೆ ಬಾವುಟ ನೆಟ್ಟು ಥಿಯೊಡೊಲೈಟಿನಿಂದ ಕೋನ ಹಿಡಿಯುತ್ತಿರುವಾಗ, ಅವನ ಪಂಡಿತರೂ ಗುಮಾಸ್ತರೂ ಊರೊಳಗೆ ಹೋಗಿ ಪಟೇಲನನ್ನೂ ಶಾನುಭೋಗನನ್ನೂ ಪೂಜಾರಿಯನ್ನೂ ಕಾಣುವರು. ಊರು ಕಟ್ಟಿದವನಾರು, ಕೆರೆ ಕಟ್ಟಿಸಿದವನಾರು, ಪಾಳೆಯಗಾರ ಯಾವ ಮನೆತನದವನು, ಯಾವ ಅರಸನ ಕಾಲದಲ್ಲಿ ಮಾನ್ಯ ದೊರೆಯಿತು ಎಂದು ಕೇಳುವರು. ಹೇಳಿದ್ದನ್ನು ಬರೆದುಕೊಳ್ಳುವರು. ಇವೇ ಕೈಫಿಯತ್ತುಗಳು. ಶಾನುಭೋಗರ ಬಳಿ ಕಡತಗಳಿರುತ್ತಿದ್ದುವು. ಇಂದಿನ ವಿದ್ಯಾರ್ಥಿಗಳಲ್ಲಿ ಕಡತವನ್ನು ಕಣ್ಣಾರೆ ಕಂಡವರು ವಿರಳವಾದ್ದರಿಂದ ಹೇಳುತ್ತೇನೆ: ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಪುಸ್ತಕ ಅದು. ಒರೆಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ತಲೆಮಾರುಗಳು ಬಾಳುತ್ತದೆ. ಊರಿನ ಲೆಕ್ಕವೂ ಊರಿನ ಕಥೆಯೂ ಅದರಲ್ಲಿ ಒಟ್ಟಿಗೇ ಇರುತ್ತಿದ್ದುವು. ಅವನ್ನು ಕೊಂಡರು, ಕೊಡದಿದ್ದರೆ ಪ್ರತಿಮಾಡಿಸಿಕೊಂಡರು. ಶಾಸನಗಳನ್ನು ನಕಲಿಳಿಸಿದರು. ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ಬರೆದರು. ಬೀರ ಸತ್ತದ್ದು ಹೇಗೆ, ಸತಿ ಕೊಂಡ ಹಾಯ್ದದ್ದು ಏಕೆ ಎಂದು ವಿಚಾರಿಸಿದರು. ಹೊಲದ ಬದುವಿನಲ್ಲಿ ಬಿದ್ದಿದ್ದ ವೀರಗಲ್ಲನ್ನು ಚರಿತ್ರೆಯ ಆಧಾರವೆಂದು ಕಂಡ ಕಣ್ಣು ಅದಕ್ಕೆ ಮೊದಲು ಯಾವುದಿತ್ತು? ವಿಜಯನಗರದ ಹಾಳುಭೂಮಿಯ ಮೊದಲ ನಕ್ಷೆ ಸಿದ್ಧವಾದದ್ದೂ ೧೮೦೦ರ ಹೊತ್ತಿಗೆ, ಇವನ ಕೈಯಲ್ಲೇ. ಪಂಡಿತರ ಸಂಬಳದ ಬಹುಭಾಗ ಅವನ ಸ್ವಂತ ಜೇಬಿನಿಂದ ಹೋಯಿತು.

ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹತ್ತಿರದ ಭಾಗ ಮಲೆಯೂರಿನದು. ಚಾಮರಾಜನಗರದ ಸೀಮೆಯ ಮಲೆಯೂರಿಗೆ ಕನಕಗಿರಿಯೆಂದು ಜೈನರು ಹೇಳುತ್ತಾರೆ. ಪೂಜ್ಯಪಾದರ ನೆನಪು ಆ ಬೆಟ್ಟಕ್ಕೆ ಅಂಟಿಕೊಂಡಿದೆ. ಆ ಊರಿನವನೇ ಧರ್ಮಯ್ಯನೆಂಬ ಜೈನ ಪಂಡಿತ. ಬೋರಯ್ಯನ ಅನಂತರ ಹಳಗನ್ನಡ ಶಾಸನಗಳನ್ನು ಓದುವ ಭಾರ ಮುಖ್ಯವಾಗಿ ಇವನ ಮೇಲೆ ಬಿತ್ತು. ಅದೇ ಊರಿನಲ್ಲಿ ಕರಣಿಕರ ಮನೆತನದ ದೇವಚಂದ್ರನಿದ್ದ. ೧೮೦೪ರಲ್ಲಿ ಮೆಕೆಂಜಿ ಅಲ್ಲಿಗೆ ಬಂದು ಸ್ಥಳದ ಪೂರ್ವವೃತ್ತಾಂತವನ್ನು ಕೇಳಿದಾಗ ದೇವಚಂದ್ರ ಪೂಜ್ಯಪಾದಚರಿತೆಯನ್ನು ತೋರಿಸಿದ. ಕೇಳುವವನೊಬ್ಬ ಬಂದನಲ್ಲ ಎಂಬುದೇ ಅವನ ಮನಸ್ಸಿನಲ್ಲಿ ಬೀಜವಾಗಿ ಬಿದ್ದಿರಬೇಕು. ಬಲ್ಲುದನ್ನೆಲ್ಲ ಕೂಡಿಸುತ್ತ ಹೋದ. ದಶಕಗಳು ಕಳೆದ ಮೇಲೆ, ಮುಪ್ಪಿನಲ್ಲಿ, ಮೈಸೂರು ಅರಮನೆಯ ದೇವೀರಾಂಬೆಗಾಗಿ ರಾಜಾವಳೀಕಥೆಯನ್ನು ಪೂರೈಸಿದ. ಭದ್ರಬಾಹು ಚಂದ್ರಗುಪ್ತರು ಶ್ರವಣಬೆಳ್ಗೊಳಕ್ಕೆ ಬಂದ ಕಥೆ, ಕಂತಿಯ ಕಥೆ - ನಮ್ಮ ಸಾಹಿತ್ಯಚರಿತ್ರೆಯಲ್ಲಿ ಇಂದಿಗೂ ಚರ್ಚೆಗೆ ಬರುವ ಎಷ್ಟೋ ಸಂಗತಿಗಳು ಆ ಗ್ರಂಥದಲ್ಲಿವೆ. ಅವುಗಳಲ್ಲಿ ನಿಜವೆಷ್ಟು, ಐತಿಹ್ಯವೆಷ್ಟು ಎಂಬುದು ಬೇರೆ ಮಾತು. ಗುಡ್ಡ ಅಳೆಯಲು ಬಂದ ಪರಂಗಿಯವನ ಒಂದು ಪ್ರಶ್ನೆಯಿಂದ ಕನ್ನಡದಲ್ಲಿ ಒಂದು ಗದ್ಯಗ್ರಂಥ ಹುಟ್ಟಿತು. ಮೆಕೆಂಜಿ ಅದನ್ನು ನೋಡಲು ಬದುಕಿರಲಿಲ್ಲ. ನೋಡಿದ್ದರೂ ಓದಲಾರದೆ ಧರ್ಮಯ್ಯನ ಕೈಗೆ ಕೊಡಬೇಕಾಗುತ್ತಿತ್ತು.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಮೆಕೆಂಜಿ ಋಷಿಯಲ್ಲ, ಗೆದ್ದವರ ಸೈನ್ಯದ ಅಧಿಕಾರಿ. ನಕ್ಷೆ ಬೇಕಾದದ್ದು ಮುಂದಿನ ದಂಡಯಾತ್ರೆಗೆ, ಊರಿನ ವಿವರ ಬೇಕಾದದ್ದು ಕಂದಾಯಕ್ಕೆ. ಇದು ಶಾನುಭೋಗನಿಗೆ ತಿಳಿಯದ ವಿಷಯವೇ? ಮಾನ್ಯ ಕೊಟ್ಟವರಾರೆಂದು ಕಂಪನಿಯವನು ಕೇಳಿದರೆ ನಾಳೆ ಆ ಮಾನ್ಯ ಉಳಿಯುತ್ತದೋ ಹೋಗುತ್ತದೋ ಎಂಬ ಅಂಜಿಕೆ ಸಹಜ. ಆದುದರಿಂದ ಹೇಳಿಕೆಗಳು ಹೇಳುವವನ ಹಿತದ ಕಡೆಗೆ ವಾಲಿದುವು. ಅನೇಕ ಕೈಫಿಯತ್ತುಗಳಲ್ಲಿ ಊರಿನ ಚರಿತ್ರೆ ಜನಮೇಜಯನಿಂದಲೋ ಪರೀಕ್ಷಿತನಿಂದಲೋ ಆರಂಭವಾಗಿ, ಒಂದೇ ನೆಗೆತಕ್ಕೆ ರಾಯರ ಕಾಲಕ್ಕೆ ಬಂದು, ಹೇಳುವವನ ಅಜ್ಜನಿಗೆ ದೊರೆತ ಇನಾಮಿನಲ್ಲಿ ನಿಲ್ಲುತ್ತದೆ. ತಾಮ್ರಪಟಗಳಲ್ಲಿ ಕೂಟಶಾಸನಗಳಿಗೇನೂ ಬರವಿಲ್ಲವೆಂಬುದನ್ನು ಮುಂದೆ ಫ್ಲೀಟ್ ತೋರಿಸಿಕೊಟ್ಟ. ಜನರನ್ನು ಹೆದರಿಸದೆ, ನಯದಿಂದ ಕೇಳಬೇಕೆಂದು ಮೆಕೆಂಜಿ ತನ್ನವರಿಗೆ ಮತ್ತೆ ಮತ್ತೆ ಹೇಳಿದ್ದಾನೆ. ಆದರೆ ಅಧಿಕಾರದ ಬೆನ್ನಿಗೆ ಬಂದ ನಯಕ್ಕೂ ಬರಿಯ ನಯಕ್ಕೂ ವ್ಯತ್ಯಾಸವಿದೆ. ಹಾಗೆಂದು ಈ ಸಂಗ್ರಹವನ್ನೆಲ್ಲ ಕಂಪನಿಯ ಬೇಹುಗಾರಿಕೆಯೆಂದು ತಳ್ಳಿಬಿಡುವ ಇಂದಿನ ಕೆಲವರ ವಾದ ನನಗೆ ಒಪ್ಪಿಗೆಯಿಲ್ಲ. ಕಂದಾಯಕ್ಕೆ ವೀರಗಲ್ಲಿನಿಂದ ಏನು ಪ್ರಯೋಜನ? ಪೂಜ್ಯಪಾದಚರಿತೆಯಿಂದ ಯಾವ ಕೋಟೆಯನ್ನು ಗೆಲ್ಲಬಹುದು?

ನಿಜವಾದ ನಿಧಿಶೋಧಕನೊಬ್ಬನನ್ನು ಮೆಕೆಂಜಿ ಎದುರಿಸಿದ್ದು ಕೃಷ್ಣಾನದಿಯ ದಂಡೆಯಲ್ಲಿ. ಚಿಂತಪಲ್ಲಿಯ ಜಮೀನುದಾರ ವಾಸಿರೆಡ್ಡಿ ವೆಂಕಟಾದ್ರಿ ನಾಯುಡು ಅಮರಾವತಿಯಲ್ಲಿ ಹೊಸ ಪಟ್ಟಣ ಕಟ್ಟಿಸುತ್ತ, ಇಟ್ಟಿಗೆ ಕಲ್ಲುಗಳಿಗಾಗಿ ದೀಪಾಲದಿನ್ನೆಯೆಂಬ ದಿಬ್ಬವನ್ನು ಅಗೆಸಿದ. ಒಳಗೆ ನಿಧಿಯಿರಬೇಕೆಂಬ ಆಸೆಯೂ ಸೇರಿಕೊಂಡು ದಿಬ್ಬದ ನಡುವನ್ನೇ ತೋಡಿಸಿದನೆಂದು ಹೇಳುತ್ತಾರೆ. ಚಿತ್ರ ಕೆತ್ತಿದ ಬಿಳಿಯ ಕಲ್ಲುಗಳು ಒಂದೊಂದಾಗಿ ಹೊರಬಿದ್ದು, ಗುಡಿಯ ಮೆಟ್ಟಿಲಾಗಿ, ಕೆರೆಯ ಸೋಪಾನವಾಗಿ ಹೋದವು. ೧೭೯೮ರ ಸುಮಾರಿಗೆ ಮೆಕೆಂಜಿ ಅದನ್ನು ಕಂಡ. ಅದು ಬುದ್ಧನ ಮಹಾಸ್ತೂಪವೆಂಬುದು ಆಗಿನ್ನೂ ಸ್ಪಷ್ಟವಾಗಿರಲಿಲ್ಲ. ಆದರೆ ಇದು ಸಾಮಾನ್ಯವಾದುದಲ್ಲವೆಂದು ಅವನ ಕಣ್ಣಿಗೆ ತಿಳಿಯಿತು. ಮತ್ತೆ ೧೮೧೬ರಲ್ಲಿ ಬಿಡುವು ಮಾಡಿಕೊಂಡು ಹೋದಾಗ ದಿಬ್ಬದ ನಡುವೆ ಕೊಳವಾಗಿತ್ತು. ಉಳಿದ ಕಲ್ಲುಗಳನ್ನು ಅವನ ಚಿತ್ರಗಾರರು ರೇಖೆ ರೇಖೆಯಾಗಿ ಬರೆದಿಟ್ಟರು. ಅನಂತರ ಕಣ್ಮರೆಯಾದ ಎಷ್ಟೋ ಶಿಲ್ಪಗಳನ್ನು ನಾವಿಂದು ಕಾಣುವುದು ಆ ಚಿತ್ರಗಳಲ್ಲಿ ಮಾತ್ರ. ಹದಿನೆಂಟು ವರ್ಷ ಮೊದಲೇ ಅವನಿಗೆ ಬಿಡುವು ಸಿಕ್ಕಿದ್ದರೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಉದ್ಯೋಗದ ಏಳಿಗೆಯನ್ನು ಬೇಗ ಹೇಳಿ ಮುಗಿಸಬಹುದು. ೧೮೧೦ರಲ್ಲಿ ಮದರಾಸಿನ ಸರ್ವೇಯರ್ ಜನರಲ್. ೧೮೧೧ರಲ್ಲಿ ಜಾವಾದ ಮೇಲೆ ಹೋದ ಸೈನ್ಯದೊಡನೆ ಪಯಣ; ಅಲ್ಲಿಯೂ ಪ್ರಂಬಾನನ್ ದೇವಾಲಯಗಳ ಶೋಧ, ಹಸ್ತಪ್ರತಿಗಳ ಸಂಗ್ರಹ; ಅಲ್ಲಿಯೇ ೧೮೧೨ರಲ್ಲಿ, ಅರುವತ್ತಕ್ಕೆ ಎರಡೇ ವರ್ಷ ಉಳಿದಿರುವಾಗ, ವಿವಾಹ. ಅವನು ದೂರವಿದ್ದ ಆ ವರ್ಷಗಳಲ್ಲಿಯೂ ನಾರಾಯಣರಾಯ, ಆನಂದರಾಯ ಮೊದಲಾದವರು ಊರೂರು ತಿರುಗುತ್ತಲೇ ಇದ್ದರು. ಅವರನ್ನೆಲ್ಲ ನಡೆಸುತ್ತಿದ್ದವನು ಲಕ್ಷ್ಮಯ್ಯ. ೧೮೧೫ರಲ್ಲಿ ಇಡೀ ಭಾರತದ ಮೊಟ್ಟಮೊದಲ ಸರ್ವೇಯರ್ ಜನರಲ್ ಪದವಿ ಮೆಕೆಂಜಿಗೆ ಬಂತು. ಮರುವರ್ಷ ಮದರಾಸಿನಲ್ಲಿ ಥಾಮಸ್ ಹಿಕಿ ಅವನ ತೈಲಚಿತ್ರವನ್ನು ಬರೆದ. ಕೆಂಪು ಅಂಗಿಯ ಮೆಕೆಂಜಿ, ಸುತ್ತ ಮೂವರು ದೇಶೀಯರು. ಒಬ್ಬನ ಕೈಯಲ್ಲಿ ದುರ್ಬೀನು, ಇನ್ನೊಬ್ಬನ ಕೈಯಲ್ಲಿ ಓಲೆಗರಿ. ಹಿಂದೆ ದೂರದಲ್ಲಿ ಗೊಮ್ಮಟನ ಏಕಶಿಲಾಮೂರ್ತಿ. ಆ ಮೂವರಲ್ಲಿ ಲಕ್ಷ್ಮಯ್ಯನಿದ್ದಾನೆ, ನಮ್ಮ ಮಲೆಯೂರಿನ ಧರ್ಮಯ್ಯನಿದ್ದಾನೆ. ಆ ಚಿತ್ರ ಈಗ ಲಂಡನ್ನಿನಲ್ಲಿದೆ. ಕಂಪನಿಯ ದೊಡ್ಡ ಅಧಿಕಾರಿಗಳು ಚಿತ್ರ ಬರೆಸಿಕೊಳ್ಳುವಾಗ ಕುದುರೆಯನ್ನೋ ಫಿರಂಗಿಯನ್ನೋ ಪಕ್ಕದಲ್ಲಿಟ್ಟುಕೊಳ್ಳುವುದುಂಟು. ಈತ ತನ್ನ ಪಂಡಿತರನ್ನು ನಿಲ್ಲಿಸಿಕೊಂಡ.

ಪದವಿಯ ಜೊತೆಗೆ ಕಲ್ಕತ್ತೆಗೆ ಹೋಗಬೇಕಾಯಿತು. ದಕ್ಷಿಣದ ಪಂಡಿತರಲ್ಲಿ ಕೆಲವರು ಜೊತೆಗೆ ಹೋದರು, ಅನೇಕರು ಹೋಗಲಾರದೆ ಉಳಿದರು. ಕೂಡಿಸಿದ್ದು ಬೆಟ್ಟದಷ್ಟಾಗಿತ್ತು. ಅದನ್ನು ವಿಂಗಡಿಸಿ, ಪಟ್ಟಿಮಾಡಿ, ಅನುವಾದಿಸಿ ಲೋಕಕ್ಕೆ ಒಪ್ಪಿಸಬೇಕೆಂಬುದು ಅವನ ಹಂಬಲ. ದೇಹ ಸೋತಿತ್ತು. ಹೆಸ್ಟರಳ ಮಗ, ಸಿಂಹಳದ ಮುಖ್ಯ ನ್ಯಾಯಾಧೀಶನಾಗಿದ್ದ ಅಲೆಕ್ಸಾಂಡರ್ ಜಾನ್‌ಸ್ಟನ್, ಅವನಿಗೆ ರಜೆ ಕೊಟ್ಟು ಸಂಗ್ರಹದೊಡನೆ ಇಂಗ್ಲೆಂಡಿಗೆ ಕರೆಸಿಕೊಳ್ಳಬೇಕೆಂದು ಕಂಪನಿಯ ನಿರ್ದೇಶಕರನ್ನು ಒಪ್ಪಿಸಿದ. ಆ ಏರ್ಪಾಡು ಕೈಗೂಡುವ ಮೊದಲೇ, ೧೮೨೧ರ ಮೇ ೮ರಂದು, ಕಲ್ಕತ್ತೆಯ ಸಮೀಪದಲ್ಲಿ ಮೆಕೆಂಜಿ ತೀರಿಕೊಂಡ. ೧೭೮೩ರಲ್ಲಿ ಬಿಟ್ಟ ನಾಡನ್ನು ಮತ್ತೆ ಕಾಣಲಿಲ್ಲ. ಪಾರ್ಕ್ ಸ್ಟ್ರೀಟಿನ ಸ್ಮಶಾನದಲ್ಲಿ ಅವನ ಗೋರಿಯಿದೆ.

ನಿಧಿ ಹುಡುಕಿದವನು ಅದರ ಬಾಯಿ ತೆರೆಯುವ ಮುನ್ನವೇ ಸತ್ತ. ಕಂಪನಿಯವರು ವಿಧವೆಯಿಂದ ಸಂಗ್ರಹವನ್ನು ಕೊಂಡರು. ಸಂಸ್ಕೃತ ಪಂಡಿತ ಹೊರೇಸ್ ಹೇಮನ್ ವಿಲ್ಸನ್ ೧೮೨೮ರಲ್ಲಿ ಅದರ ಪಟ್ಟಿಯನ್ನು ಅಚ್ಚು ಹಾಕಿಸಿದ. ಹಸ್ತಪ್ರತಿಗಳು ೧,೫೬೮, ಸ್ಥಳವೃತ್ತಾಂತಗಳು ೨,೦೭೦, ಶಾಸನಗಳ ಪ್ರತಿಗಳು ೮,೦೭೬, ಚಿತ್ರಗಳು ೨,೬೩೦, ನಾಣ್ಯಗಳು ೬,೨೧೮. ಮೈಸೂರಿನ ರೆಸಿಡೆಂಟನಾಗಿದ್ದ ವಿಲ್ಕ್ಸ್ ತನ್ನ ಪ್ರಸಿದ್ಧವಾದ ಇತಿಹಾಸಕ್ಕೆ ಮೆಕೆಂಜಿಯ ಜೀವಿತಕಾಲದಲ್ಲಿಯೇ ಈ ಸಂಗ್ರಹದಿಂದ ಸಾಮಗ್ರಿ ಪಡೆದಿದ್ದ. ಅನಂತರ ಪೆಟ್ಟಿಗೆಗಳು ಹಂಚಿಹೋದವು. ಕೆಲವು ಲಂಡನ್ನಿಗೆ, ದಕ್ಷಿಣದ ಭಾಷೆಗಳವು ಮದರಾಸಿಗೆ.

ಲಕ್ಷ್ಮಯ್ಯನ ಪಾಡು ಮಾತ್ರ ಮನಸ್ಸನ್ನು ಚುಚ್ಚುತ್ತದೆ. ಮೆಕೆಂಜಿಯ ಅನಂತರ ಆ ಸಂಗ್ರಹದ ಮೂಲೆ ಮೂಲೆಯನ್ನು ಬಲ್ಲವನು ಅವನೊಬ್ಬನೇ. ಇಪ್ಪತ್ತು ವರ್ಷಗಳಿಗೂ ಮೀರಿ ಅದರಲ್ಲಿ ದುಡಿದವನು. ಮದರಾಸಿನಲ್ಲಿ ದೇಶೀಯರ ಒಂದು ವಿದ್ವತ್ಸಭೆಯನ್ನು ಕಟ್ಟಿಕೊಂಡು, ನಿಂತುಹೋದ ಶೋಧವನ್ನು ತನಗೆ ವಹಿಸಿಕೊಡಿರೆಂದು ಸರ್ಕಾರವನ್ನು ಬೇಡಿದ. ಸರ್ಕಾರ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಅಭಿಪ್ರಾಯ ಕೇಳಿತು. ೧೮೩೬ರಲ್ಲಿ ಬಂದ ಉತ್ತರ: ಇಂಥ ಕಾರ್ಯವನ್ನು ತಲೆಯಾಳಾಗಿ ನಡೆಸುವ ಯೋಗ್ಯತೆ ದೇಶೀಯನಿಗೆ ಇರಲಾರದು. ಆ ಅಭಿಪ್ರಾಯದ ಹಿಂದೆ ಇದ್ದವನು ಜೇಮ್ಸ್ ಪ್ರಿನ್ಸೆಪ್. ಬ್ರಾಹ್ಮೀಲಿಪಿಯನ್ನು ಓದಿ ಅಶೋಕನನ್ನು ಕತ್ತಲಿನಿಂದ ಹೊರತಂದ ಆ ಮಹಾನುಭಾವನ ಮೇಲೆ ನನಗೆ ಗೌರವವಿದೆ. ಈ ತೀರ್ಪಿನ ಮೇಲೆ ಇಲ್ಲ. ಕಲ್ಲಿನ ಮುಂದೆ ಕುಳಿತು ಓದಿದವನು ಬೋರಯ್ಯ, ಧರ್ಮಯ್ಯ; ಜನರನ್ನು ನಡೆಸಿದವನು ಲಕ್ಷ್ಮಯ್ಯ. ಮೆಕೆಂಜಿಗೆ ಲಿಪಿಯೇ ಬಾರದು. ತಲೆಯಾಗಿದ್ದವರು ಯಾರು, ಕೈಯಾಗಿದ್ದವರು ಯಾರು ಎ೦ದು ನಿಷ್ಪಕ್ಷಪಾತವಾಗಿ ಕೇಳಿದರೆ ಪ್ರಿನ್ಸೆಪ್ ಏನು ಹೇಳುತ್ತಿದ್ದನೋ. ಮೆಕೆಂಜಿ ಬದುಕಿದ್ದರೆ ಆ ಉತ್ತರಕ್ಕೆ ಒಪ್ಪುತ್ತಿರಲಿಲ್ಲವೆಂದು ಆ ತೈಲಚಿತ್ರವನ್ನು ನೋಡಿದವರಿಗೆ ಅನ್ನಿಸುತ್ತದೆ.

ಕೆಲಸ ವಿಲಿಯಂ ಟೇಲರ್ ಎಂಬ ಪಾದ್ರಿಯ ಪಾಲಾಯಿತು. ಅಷ್ಟರಲ್ಲಿ ಹುಳುಗಳು ತಮ್ಮ ಕೆಲಸವನ್ನು ಆರಂಭಿಸಿದ್ದುವು. ಮಸಿ ಮಾಸಿದ್ದ ಕಾಗದಗಳನ್ನು ಪ್ರತಿಮಾಡಿಸುವುದರಲ್ಲಿಯೇ ಅವನ ಬಹಳ ಶ್ರಮ ಕಳೆಯಿತು. ಉಳಿದದ್ದು ಮದರಾಸಿನ, ಇಂದಿನ ಚೆನ್ನೈಯ, ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದಲ್ಲಿ ಬಂದು ನಿಂತಿತು. ಅಲ್ಲಿಯ ಕನ್ನಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರತಂದರು. ಬರೆದುಕೊಂಡ ಶಾನುಭೋಗರ ಮಾತು, ಅವರ ಕಾಲದ ಕನ್ನಡ, ಪಾರಸಿ ಮರಾಠಿ ಪದಗಳೊಡನೆ ಬೆರೆತ ಆ ಕಚೇರಿಯ ಗದ್ಯ ಅದರಲ್ಲಿ ಇದ್ದಂತೆ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕನ್ನಡ ಗದ್ಯವೇ ಇರಲಿಲ್ಲವೆಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳಿಗೆ ನಾನು ಈ ಗ್ರಂಥವನ್ನು ತೋರಿಸುತ್ತೇನೆ. ಅವರು ಮೊದಲು ಮಾಡುವುದು ತಮ್ಮ ಊರು ಅದರಲ್ಲಿದೆಯೇ ಎಂದು ಹುಡುಕುವುದು. ಸಿಕ್ಕಿತೆಂದರೆ, ಅದರಲ್ಲಿ ಹೇಳಿದ ಕೆರೆಯೂ ಕಲ್ಲೂ ಈಗ ಇದೆಯೇ ಎಂದು ರಜೆಯಲ್ಲಿ ನೋಡಿಬರಲು ಹೇಳಿ ಕಳುಹಿಸುತ್ತೇನೆ.